ನ್ಯೂರೆಂಬರ್ಗಿನ ಪಿಂಗಾಣಿ ಲೋಟ

ಯಾವ ಬಟ್ಟೆ ಕೈಗೆ ಸಿಕ್ಕರೂ ಮಗುಚಿ ನೋಡುವುದು ಹೊಲಿಗೆ ಮೇಡಂ ಅವರ ಚಟ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಸೆರಗು, ಬ್ಯಾಂಕ್ ಮ್ಯಾನೇಜರರ ಮೇಜಿನ ಮೇಲಿನ ಹೊದಿಕೆ, ಹೆಡ್‌ಮಾಸ್ಟರ ರೂಮಿನ ಪರದೆ, ಯಾವುದನ್ನೂ ಬಿಟ್ಟವರಲ್ಲ. ಅಂಚನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ ನೋಡುವರು. "ಎದುರುಗಡೆ ಎಲ್ರೂ ಚೆನ್ನಾಗೇ ಹೊಲೀತಾರೆ ಕಣೆ. ಹಿಂದುಗಡೆ ಹೆಂಗೈತೆ ನೋಡ್ಬೇಕು," ಎನ್ನುವರು. ಪಕ್ಕದ ಹೆಂಗಸು ಸೆರಗು ಎಳೆದುಕೊಂಡು ಮುಖ ಗಂಟಿಕ್ಕಿದರೆ ನಾನು ನಾಚಿ ಸಾಯಬೇಕು. ಅವರಿಗೇನೂ ಆಗುತ್ತಿರಲಿಲ್ಲ. "ಕುಚ್ಚು ಚೆನ್ನಾಗಿ ಕಟ್ಟಿಸಿದೀಯವ್ವ, ಯಾರತ್ರ?" ಎಂದು ಅವಳನ್ನೇ ಮಾತಿಗೆಳೆದು, ಊಟದ ಹೊತ್ತಿಗೆ ಅವಳ ತವರುಮನೆಯ ಕಷ್ಟಸುಖದವರೆಗೂ ಹೋಗಿರುತ್ತಿದ್ದರು.

ನಾವಿಬ್ಬರೂ ಹೊಳೆನರಸೀಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬಹಳ ವರ್ಷ ಜೊತೆಗೆ ಕೆಲಸ ಮಾಡಿದವರು. ಅವರು ಹೊಲಿಗೆ, ನಾನು ಸಮಾಜ ವಿಜ್ಞಾನ. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ದೊಡ್ಡವರು. ನಿವೃತ್ತಿಯಾದ ಮೇಲೂ ಒಂದೇ ಅಡ್ಡರಸ್ತೆಯಲ್ಲಿ ಎರಡು ಮನೆ ಆಚೆಗೆ ಇದ್ದೆವು. ಕೊನೆಯವರೆಗೂ ನಾನು ಅವರನ್ನು ಮೇಡಂ ಎಂದೇ ಕರೆದೆ, ಅವರು ನನ್ನನ್ನು ಮೊದಲ ದಿನದಿಂದಲೇ ‘ಲೇ’ ಎಂದರು. ಕಳೆದ ಆಷಾಢದಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೋದವರ ಬಗ್ಗೆ ಬರೆಯುವಾಗ ಎಲ್ಲರೂ ಹುಟ್ಟಿದ ಊರಿನಿಂದ ಶುರುಮಾಡುತ್ತಾರೆ. ನನಗೆ ಅವರ ವಿಷಯ ಎತ್ತಿದರೆ ಮೊದಲು ಕಣ್ಣಿಗೆ ಬರುವುದು ಜರ್ಮನಿಯ ಒಂದು ಪಿಂಗಾಣಿ ಲೋಟ. ಆದರೂ ಒಂದೆರಡು ಮಾತು ಹಿಂದಿನದು ಹೇಳದಿದ್ದರೆ ಆ ಲೋಟದ ತೂಕ ತಿಳಿಯುವುದಿಲ್ಲ.

ಅವರದು ಅರಕಲಗೂಡು ಕಡೆ ಹಳ್ಳಿ, ಒಕ್ಕಲುತನದ ಮನೆ. ಚನ್ನರಾಯಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಹೊಲಿಗೆ ಕಲಿತರು. ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದರು. "ಹುಟ್ಟಿದ ಮನೇಲಿ ದೀಪ ಹಚ್ಚೋದ್ರೊಳಗೆ ಒಳಗಿರ್ಬೇಕು. ಹಾಸ್ಟೆಲ್ನಲ್ಲಿ ದೀಪ ಹಚ್ಚೋದ್ರೊಳಗೆ ಗೇಟಿನೊಳಗಿರ್ಬೇಕು. ಅತ್ತೆ ಮನೇಲೂ ಅದೇ. ಊರು ಮೂರಾದ್ರೂ ಬೀಗ ಒಂದೇ ಕಣೆ," ಎಂದು ನಗುತ್ತಿದ್ದರು. ಅವರ ಗಂಡ ಗೊರೂರು ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಕರೆಂಟಿನ ಕೆಲಸ ಮಾಡಿ ನಿವೃತ್ತರಾದವರು. ಬಹಳ ಒಳ್ಳೆಯವರು, ಬಹಳ ಕಡಿಮೆ ಮಾತಿನವರು. ಹೆಂಡತಿ ಆಡಿದ ಮೇಲೆ ಮನೆಯಲ್ಲಿ ಮಾತು ಉಳಿದರೆ ತಾನೇ.

ಒಂದು ಸಲ ಹಾಸನದಲ್ಲಿ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ವಾಪಸು ಬರುತ್ತಿದ್ದೆವು. ಮೊಸಳೆಹೊಸಹಳ್ಳಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಕತ್ತಲಾಯಿತು. ಬಸ್ಸಿನಲ್ಲಿದ್ದ ಗಂಡಸರೆಲ್ಲ ರಸ್ತೆ ದಾಟಿ ಟೀ ಅಂಗಡಿಯ ದೀಪದ ಕೆಳಗೆ ನಿಂತು ಬೋಂಡ ತಿನ್ನುತ್ತ ರಾಜಕೀಯ ಮಾತಾಡತೊಡಗಿದರು. ಹೆಂಗಸರು ಇಳಿದು, ಯಾರೂ ಹೇಳದೆಯೇ, ಬಸ್ಸಿನ ಹಿಂದುಗಡೆ ಕತ್ತಲಲ್ಲಿ ಒತ್ತಾಗಿ ನಿಂತೆವು. ಎಲ್ಲರಿಗೂ ಹಸಿವು. ಬೋಂಡದ ವಾಸನೆ ಅಲ್ಲಿಗೂ ಬರುತ್ತಿತ್ತು. ಯಾರೂ ರಸ್ತೆ ದಾಟಲಿಲ್ಲ. ಸ್ವಲ್ಪ ಹೊತ್ತಿಗೆ ಮೇಡಂ ನನ್ನ ಕಿವಿಯ ಹತ್ತಿರ ಬಂದು, "ಲೇ, ದೀಪ ಆ ಕಡೆ ಐತೆ, ನಾವ್ಯಾಕೆ ಈ ಕಡೆ ನಿಂತಿದೀವಿ?" ಎಂದರು. ಅವರೂ ಅವತ್ತು ರಸ್ತೆ ದಾಟಲಿಲ್ಲ. ಅದು ಅವರಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಉಳಿದುಬಿಟ್ಟಿತು.

ನಮ್ಮ ಬೀದಿಯಲ್ಲಿ ಒಬ್ಬ ಪುಟ್ಟಮ್ಮಜ್ಜಿ ಇದ್ದಾರೆ. ಮೇಡಂ ಮನೆಗೆ ನೇರ ಎದುರು ಮನೆ. ಬೆಳಗಿನಿಂದ ಸಂಜೆಯವರೆಗೆ ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಹೋಗುವ ಪ್ರತಿ ಹೆಂಗಸನ್ನೂ, "ಎಲ್ಗವ್ವಾ?" ಎಂದು ಕೇಳುತ್ತಾರೆ. ಗಂಡಸರನ್ನು ಕೇಳುವುದಿಲ್ಲ. ಅಜ್ಜಿಯ ಈ ಒಂದು ಪ್ರಶ್ನೆಗೋಸ್ಕರ ನಮ್ಮ ಬೀದಿಯ ಹೆಂಗಸರೆಲ್ಲ ಮನೆಯಿಂದ ಹೊರಡುವಾಗ ಪರ್ಸಿನ ಜೊತೆ ಒಂದು ಉತ್ತರವನ್ನೂ ಇಟ್ಟುಕೊಂಡೇ ಹೊರಡುತ್ತಿದ್ದೆವು. ಅಂಗಡಿಗೆ, ದೇವಸ್ಥಾನಕ್ಕೆ, ಮೆಡಿಕಲ್ ಸ್ಟೋರಿಗೆ. ಅಜ್ಜಿಯ ಸೊಸೆ ನಾಗರತ್ನನಂತೂ ಪಾಪ, ಗೇಟಿನವರೆಗೆ ಬರಬೇಕಾದರೂ ಕೈಯಲ್ಲಿ ಕಸದ ಬಕೆಟ್ಟು ಹಿಡಿದಿರುತ್ತಿದ್ದಳು.

ಇನ್ನು ಜರ್ಮನಿಗೆ ಬರುತ್ತೇನೆ. ನನ್ನ ತಂಗಿಯ ಮಗಳು ಚೈತ್ರ ಅಲ್ಲಿ ನ್ಯೂರೆಂಬರ್ಗ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಶಾಲೆಯಲ್ಲೇ ಓದಿದವಳು. "ದೊಡ್ಡಮ್ಮ, ಕ್ರಿಸ್‌ಮಸ್ ಹೊತ್ತಿಗೆ ಬನ್ನಿ, ಇಲ್ಲಿ ಸಂತೆ ನೋಡೋ ಹಾಗಿರತ್ತೆ," ಎಂದು ಬಲವಂತ ಮಾಡಿದಳು. ನಮ್ಮ ಯಜಮಾನರು, "ದುಡ್ಡು ಕೊಟ್ಟು ಚಳಿಗೆ ಹೋಗ್ಬೇಕಾ? ಸಕಲೇಶಪುರಕ್ಕೆ ಹೋದ್ರಾಗಲ್ವಾ?" ಎಂದು ಕೈ ಎತ್ತಿದರು. ಒಬ್ಬಳೇ ಹೋಗಲು ನನಗೆ ಧೈರ್ಯವಿಲ್ಲ. ನನಗೆ ಜರ್ಮನಿ ಎಂದರೆ ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟ ಎರಡು ಮಹಾಯುದ್ಧ, ಅದರ ಕಾರಣಗಳು, ಪರಿಣಾಮಗಳು, ಅಷ್ಟೆ. ಮೇಡಂ ಮನೆಗೆ ಹೋಗಿ, "ಜೊತೆಗೆ ಬರ್ತೀರಾ?" ಎಂದೆ. ಅವರು ರವಿಕೆಗೆ ಹುಕ್ಕು ಹಾಕುತ್ತಿದ್ದರು. ಹಲ್ಲಿನಲ್ಲಿ ದಾರ ಕಡಿದು, "ಬತ್ತೀನಿ," ಎಂದರು. ಆಮೇಲೆ ತಲೆ ಎತ್ತಿ, "ಎಲ್ಲಿಗೆ ಅಂದೆ?" ಎಂದರು.

ಹೊರಡುವ ದಿನ ಸೂಟ್‌ಕೇಸ್ ಕಾರಿಗೆ ಇಡುವಾಗ ಪುಟ್ಟಮ್ಮಜ್ಜಿ ಜಗಲಿಯಿಂದಲೇ ಕೇಳಿದರು. "ಎಲ್ಗವ್ವಾ, ಇಷ್ಟೊಂದು ಗಂಟು?"

"ಜರ್ಮನಿಗೆ ಕಣಜ್ಜಿ."

"ಯಾರ ಮದ್ವೆ?"

"ಯಾರ್ದೂ ಇಲ್ಲ. ಸುಮ್ನೆ."

ಅಜ್ಜಿ ಎಲೆಯಡಿಕೆ ದವಡೆಯ ಒಂದು ಪಕ್ಕಕ್ಕೆ ಸರಿಸಿಕೊಂಡು, "ಸುಮ್ಕೆ ಯಾರಾರ ಅಷ್ಟು ದೂರ ಓಯ್ತಾರಾ?" ಎಂದರು. ಅದು ಪ್ರಶ್ನೆಯೋ ತೀರ್ಪೋ ನಮಗೆ ತಿಳಿಯಲಿಲ್ಲ.

ನ್ಯೂರೆಂಬರ್ಗಿನಲ್ಲಿ ಇಳಿದ ಮಾರನೆಯ ದಿನ ಚೈತ್ರ ರಜೆ ಹಾಕಿ ನಮ್ಮನ್ನು ಊರು ತೋರಿಸಲು ಕರೆದುಕೊಂಡು ಹೋದಳು. ಮೇಡಂ ಅವತಾರ ಹೇಳಬೇಕು. ಇಳಕಲ್ ಸೀರೆ, ಅದರ ಮೇಲೆ ಚೈತ್ರನ ಮೊಣಕಾಲುದ್ದದ ಕೋಟು, ಉಣ್ಣೆಯ ಕಾಲುಚೀಲ, ತಲೆಗೆ ತಮ್ಮ ಯಜಮಾನರ ಮಂಕಿ ಕ್ಯಾಪು. ಮಧ್ಯಾಹ್ನದ ಊಟ ಅರಗುವುದರೊಳಗೆ, ನಾಲ್ಕು ಗಂಟೆ ಕಳೆದದ್ದೇ ತಡ, ಕತ್ತಲು ಕವಿಯಿತು. ಮೇಡಂ ಥಟ್ಟನೆ ನಿಂತು, "ಕತ್ಲಾಯ್ತು ನಡೀರೇ, ಮನೆಗೋಗಾಣ," ಎಂದರು. ಅಷ್ಟು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿ ಬಂತು.

ಚೈತ್ರ ನಕ್ಕಳು. "ಸಂತೆ ಶುರುವಾಗೋದೇ ಈಗ ಮೇಡಂ. ಇಲ್ಲಿ ಕತ್ತಲಾದ ಮೇಲೇ ಎಲ್ಲಾರೂ ಹೊರಗೆ ಬರೋದು."

ದೊಡ್ಡ ಚರ್ಚಿನ ಮುಂದೆ ಅಷ್ಟಗಲ ಬಯಲು. ಅದರ ತುಂಬ ಮರದ ಸಣ್ಣ ಸಣ್ಣ ಅಂಗಡಿಗಳು, ಎಲ್ಲದಕ್ಕೂ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಸೂರು, ಸಾಲುಸಾಲು ದೀಪ. ಗಾಳಿಯಲ್ಲಿ ಲವಂಗ, ಚಕ್ಕೆ, ಸುಟ್ಟ ಸಕ್ಕರೆ, ಹುರಿದ ಬಾದಾಮಿಯ ವಾಸನೆ. ಗಾಜಿನ ಗುಂಡುಗಳು, ಮರದ ದೇವತೆಗಳು, ಜೇನುತುಪ್ಪದ ಬಿಸ್ಕತ್ತು. ಒಂದು ಅಂಗಡಿಯಲ್ಲಿ ಒಣಹಣ್ಣಿನಿಂದ ಮಾಡಿದ ಸುಕ್ಕುಮುಖದ ಮುದುಕ ಮುದುಕಿಯ ಬೊಂಬೆಗಳಿದ್ದವು. ಮೇಡಂ ಒಂದು ಮುದುಕಿಯನ್ನು ಎತ್ತಿ ನೋಡಿ, "ಥೇಟ್ ನಮ್ ಪುಟ್ಟಮ್ಮಜ್ಜಿ," ಎಂದರು. ಆಮೇಲೆ ನಾನು ಯಾವುದಕ್ಕೆ ಹೆದರುತ್ತಿದ್ದೆನೋ ಅದೇ ಆಯಿತು. ಅಂಗಡಿಯ ಸೂರಿನ ಬಟ್ಟೆಯ ಅಂಚನ್ನು ಹಿಡಿದು ಮಗುಚಿದರು. ಅಂಗಡಿಯಾತ ಕಣ್ಣು ಬಿಟ್ಟ. "ಮಿಷಿನ್ ಹೊಲಿಗೆ. ಆದ್ರೆ ಡಬಲ್ ಹಾಕವ್ರೆ. ಗಾಳಿಗೆ ತಡೀತದೆ," ಎಂದು ನನಗೆ ವರದಿ ಒಪ್ಪಿಸಿ ಅವನಿಗೆ ತಲೆಯಾಡಿಸಿ ಶಹಬ್ಬಾಸ್ ಹೇಳಿದರು. ಅವನೂ ಏನೋ ತಿಳಿದವನಂತೆ ತಲೆಯಾಡಿಸಿದ.

ಬಿಸಿ ಪಾನಕದ ಅಂಗಡಿಯೊಂದರ ಮುಂದೆ ಎತ್ತರದ ದುಂಡು ಮೇಜುಗಳಿದ್ದವು. ಒಂದರ ಸುತ್ತ ನಮ್ಮ ವಯಸ್ಸಿನ, ನಮಗಿಂತ ವಯಸ್ಸಾದ, ಕೆಲವು ಹೆಂಗಸರು ನಿಂತು ಲೋಟವನ್ನು ಎರಡು ಕೈಯಲ್ಲಿ ಹಿಡಿದು ಹರಟುತ್ತಿದ್ದರು. ಮೇಡಂ ನಿಂತುಬಿಟ್ಟರು.

"ಇವ್ರು ಯಾಕೆ ನಿಂತವ್ರೆ?"

"ಯಾಕೂ ಇಲ್ಲ ಮೇಡಂ. ಸುಮ್ನೆ," ಎಂದಳು ಚೈತ್ರ.

"ಯಾರ್ಗಾರ ಕಾಯ್ತಾವ್ರಾ?"

"ಇಲ್ಲ."

"ಬಸ್ಸಿಗಾ?"

"ಇಲ್ಲ ಮೇಡಂ. ಮಾತಾಡ್ಕೊಂಡು, ಕುಡ್ಕೊಂಡು, ಸಾಕು ಅನ್ಸಿದಾಗ ಮನೆಗೆ ಹೋಗ್ತಾರೆ."

ಚೈತ್ರ ನಮಗೂ ಹೆಂಡ ಹಾಕದ ಬಿಸಿ ಹಣ್ಣಿನ ರಸ ತಂದುಕೊಟ್ಟಳು. ಚಕ್ಕೆ ಲವಂಗ ಹಾಕಿ ಕುದಿಸಿದ್ದು, ನಮ್ಮ ಕಷಾಯದ ಜಾತಿಯದೇ. ನಾವೂ ಒಂದು ಮೇಜು ಹಿಡಿದು ದೀಪದ ಕೆಳಗೆ ನಿಂತೆವು. ನೂರಾರು ಜನ ನಮ್ಮನ್ನು ದಾಟಿ ಹೋದರು. ಮೇಡಂ ಕುಡಿಯದೆ ಬರಿದೆ ಲೋಟ ಹಿಡಿದುಕೊಂಡು ಸುತ್ತ ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ, "ಲೇ, ಯಾರೂ ಎಲ್ಗೆ ಅಂತ ಕೇಳ್ತಾನೇ ಇಲ್ವಲ್ಲೇ," ಎಂದರು. ಆಮೇಲೆ ಒಂದು ಗುಟುಕು ಕುಡಿದು, "ಮೊಸಳೆಹೊಸಳ್ಳಿ ನೆನಪೈತಾ?" ಎಂದರು. ಅವರ ಕಣ್ಣು ತುಂಬಿತ್ತು. ಚಳಿಗೆ ಅಂದರು. ಚಳಿಗೆ ನನ್ನ ಕಣ್ಣೂ ತುಂಬಿತು. ಎರಡು ಮಹಾಯುದ್ಧಕ್ಕೆ ಕಾರಣಗಳನ್ನು ಪಟಪಟ ಹೇಳುತ್ತಿದ್ದ ನನಗೆ, ಒಂದು ಲೋಟ ಕಷಾಯ ಹಿಡಿದು ಬೀದಿಯಲ್ಲಿ ನಿಂತದ್ದಕ್ಕೆ ಅಳು ಬರುವ ಕಾರಣ ಹೇಳಲು ಬರಲಿಲ್ಲ. ಸಂತೋಷವಾಗಿತ್ತು, ಅಷ್ಟೆ. ಇಷ್ಟು ತಡವಾಗಿ ಬಂತಲ್ಲ ಎಂದು ಸಿಟ್ಟೂ ಬಂತು.

ಲೋಟದ ಪ್ರಸಂಗ ನಡೆದದ್ದು ಇದಾದ ಮೇಲೆ. ಅಲ್ಲಿ ಲೋಟಕ್ಕೂ ಅಡ್ವಾನ್ಸ್ ಕಟ್ಟಬೇಕು, ಲೋಟ ವಾಪಸು ಕೊಟ್ಟರೆ ಆ ದುಡ್ಡು ವಾಪಸು. ನಾನು ನನ್ನ ಲೋಟ ಕೊಟ್ಟು ಬಂದೆ. ಮೇಡಂ ಮಾತ್ರ ತಮ್ಮ ಲೋಟವನ್ನು ಕರ್ಚೀಪಿನಲ್ಲಿ ಒರೆಸಿ, ವ್ಯಾನಿಟಿ ಬ್ಯಾಗು ತೆಗೆದು, ಕಾಫಿಗೆಂದು ಊರಿನಿಂದ ತಂದಿದ್ದ ಅಚ್ಚುಬೆಲ್ಲದಲ್ಲಿ ಒಂದು ಚೂರು ಮುರಿದು ಅದರೊಳಗೆ ಹಾಕಿದರು. "ಮೇಡಂ, ಇದು ಅಂಗಡಿ," ಎಂದೆ. "ಆಗ್ಲಿ. ಪಾತ್ರೆ ಅವ್ರದ್ದು ತಾನೆ? ಬರೀ ಪಾತ್ರೆ ಕೊಡಬಾರದು," ಎಂದು ಅಂಗಡಿಯ ಕಿಟಕಿಗೆ ಹೋಗಿ ಎರಡು ಕೈಯಲ್ಲಿ ಕೊಟ್ಟರು.

ಅಂಗಡಿಯಲ್ಲಿದ್ದವಳು ದಪ್ಪನೆಯ ಹೆಂಗಸು, ಉಣ್ಣೆ ಟೋಪಿ, ಚಳಿಗೆ ಕೆಂಪಾದ ಕೈ. ಲೋಟ ಬಗ್ಗಿಸಿ ನೋಡಿದಳು. ಒಳಗೆ ಏನೋ ಕಂದು ಬಣ್ಣದ ಹೆಂಟೆ. ಮುಖ ಕಿವುಚಿ ಕಸದ ಡಬ್ಬಿಯ ಕಡೆಗೆ ತಿರುಗಿದಳು. "ಅಯ್ಯೋ ಬಿಸಾಕ್ಬ್ಯಾಡ ಕಣವ್ವ, ಬೆಲ್ಲ ಅದು," ಎಂದು ಮೇಡಂ ಅಚ್ಚ ಕನ್ನಡದಲ್ಲಿ ಕೂಗಿದರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಚೈತ್ರ ಕಿವಿಯವರೆಗೆ ಕೆಂಪಾಗಿ ಓಡಿಬಂದು ಅವಳ ಭಾಷೆಯಲ್ಲಿ ವಿವರಿಸಿದಳು. ನಮ್ಮೂರಲ್ಲಿ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಸಕ್ಕರೆಯೋ ಬೆಲ್ಲವೋ ಹಿಡಿ ಅಕ್ಕಿಯೋ ಏನಾದರೂ ಹಾಕಿಯೇ ಕೊಡುವುದು ಎಂದು. ಆ ಹೆಂಗಸು ಬೆಲ್ಲವನ್ನು ಮೂಸಿ ನೋಡಿದಳು. ಮೂಲೆ ಕಡಿದಳು. ಹುಬ್ಬು ಮೇಲೇರಿತು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಪಕ್ಕದ ಅಂಗಡಿಯವನನ್ನು ಕೂಗಿ, ಅದೇ ಲೋಟದ ತುಂಬ ಬಿಸಿ ಬಿಸಿ ಸಕ್ಕರೆ ಬಾದಾಮಿ ತುಂಬಿಸಿ ಮೇಡಂ ಕೈಗಿಟ್ಟಳು.

ಮೇಡಂಗೆ ಅರಮನೆ ಸಿಕ್ಕಿದಷ್ಟು ಖುಷಿ. "ನೋಡಿದ್ಯಾ, ಹೇಳಿಕೊಟ್ರೆ ಎಲ್ರಿಗೂ ಅರ್ಥ ಆಯ್ತದೆ," ಎಂದು ಬಾದಾಮಿ ಹಂಚಿದರು. ಅರ್ಧ ದಾರಿಯಲ್ಲಿ ಅವರಿಗೆ ಹೊಳೆಯಿತು. "ಲೇ, ಅವ್ಳು ತುಂಬಿಸಿ ಕೊಟ್ಬುಟ್ಳಲ್ಲ. ಈಗ ಇದ್ನ ನಾವು ಮತ್ತೆ ತುಂಬಿಸಿ ಕೊಡ್ಬೇಕಲ್ಲೇ." ಮಾರನೆಯ ದಿನ ಲೋಟದ ತುಂಬ ಕೋಡುಬಳೆ ಹಾಕಿಕೊಂಡು ಹೋದೆವು. ಅದು ಹಬ್ಬದ ಹಿಂದಿನ ದಿನ, ಸಂತೆ ಮಧ್ಯಾಹ್ನಕ್ಕೇ ಮುಗಿದಿತ್ತು. ಅಂಗಡಿಗಳ ಬಾಗಿಲು ಹಾಕಿತ್ತು. ಮುಚ್ಚಿದ ಅಂಗಡಿಯ ಮುಂದೆ ನಿಂತು ಮೂವರೂ ಕೋಡುಬಳೆ ತಿಂದೆವು. ಲೋಟ ಹೊಳೆನರಸೀಪುರಕ್ಕೆ ಬಂತು. "ಋಣ ಇಟ್ಕೊಂಡು ಬಂದಿದೀವಿ, ತೀರಿಸ್ಬೇಕು," ಎಂದು ಮೇಡಂ ಅದನ್ನು ಅಡುಗೆಮನೆಯ ಗೂಡಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಇಟ್ಟರು.

ಬಂದ ವಾರಕ್ಕೇ ನಾಲ್ಕು ಜನರನ್ನು ಮನೆಗೆ ಕರೆದರು. ನಮ್ಮ ಕಡೆ ಅದು ಅವರೆಕಾಯಿಯ ಕಾಲ. ಯಾರ ಮನೆಗೆ ಹೋದರೂ ಮೊರದ ತುಂಬ ಅವರೆಕಾಯಿ, ಬೀದಿಯ ತುಂಬ ಸೊಗಡು. ಸುಲಿಯುವುದು, ನೆನೆಹಾಕುವುದು, ಹಿತುಕುವುದು, ಸಂಜೆಯೆಲ್ಲ ಹೆಂಗಸರಿಗೆ ಇದೇ ಕೆಲಸ. ಅವರವರ ಮನೆಯೊಳಗೆ, ಬಾಗಿಲು ಹಾಕಿಕೊಂಡು. ಮೇಡಂ ಹೇಳಿದ್ದು ಇಷ್ಟೆ. ಒಂದು ಸಂಜೆ ಕತ್ತಲಾದ ಮೇಲೆ ಎಲ್ಲರೂ ಮೊರ ಎತ್ತಿಕೊಂಡು ಬೀದಿಗೆ ಬರುವುದು. ದೀಪ ಹಾಕುವುದು. ಸುಲಿಯುವವರು ಸುಲಿಯಲಿ, ಒಲೆಯ ಮೇಲೆ ರೊಟ್ಟಿ ಹಾಕುವವರು ಹಾಕಲಿ, ಏನೂ ಮಾಡದವರು ನಿಂತಿರಲಿ.

"ಮನೇಲಿ ಏನಂತ ಹೇಳಿ ಬರೋದು ಮೇಡಂ?" ಎಂದಳು ಟೈಲರ್ ಶಾಂತಮ್ಮ. ಇವರ ಹಳೆಯ ಶಿಷ್ಯೆ. "ಭಜನೆ ಅಂದ್ಬುಡಣ. ಆಗ ಯಾರೂ ಬ್ಯಾಡ ಅನ್ನಲ್ಲ."

"ಭಜನೆ ಬ್ಯಾಡ. ಪೂಜೆನೂ ಬ್ಯಾಡ," ಎಂದರು ಮೇಡಂ. "ಪೂಜೆ ಅಂದ್ರೆ ಎಲ್ರೂ ಬಿಡ್ತಾರೆ ಕಣೆ. ಸುಮ್ನೆ ನಿಂತ್ಕೊತೀನಿ ಅಂದ್ರೆ ಬಿಡ್ತಾರಾ? ನಂಗೆ ಬೇಕಾಗಿರೋದು ಅದು. ನಮ್ಮ ಬೀದೀಲಿ, ದೀಪದ ಕೆಳಗೆ, ಕಾರಣ ಇಲ್ದೆ ಒಂದು ಸಂಜೆ."

ಮಾತು ಬಿಗಿಯಾಗಿತ್ತು. ಕೈ ಮಾತ್ರ ಸೆರಗಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಇತ್ತು. ಹೆದರಿದಾಗ ಅವರು ಹಾಗೆ ಮಾಡುತ್ತಿದ್ದರು.

ಅವರ ಯಜಮಾನರು ಏನೂ ಕೇಳದೆ ಅಟ್ಟದಿಂದ ಗಣಪತಿ ಹಬ್ಬದ ಸೀರಿಯಲ್ ಸೆಟ್ಟು ಇಳಿಸಿ, ಕರೆಂಟಿನ ಕಂಬದಿಂದ ನಮ್ಮ ಕಾಂಪೌಂಡಿನವರೆಗೆ ಕಟ್ಟಿದರು. ಆ ಮೊದಲ ಸಂಜೆ ಬಂದವರು ಮೇಡಂ, ನಾನು, ಶಾಂತಮ್ಮ. ನಾಗರತ್ನ ಬಕೆಟ್ಟು ಹಿಡಿದು ಗೇಟಿನವರೆಗೆ ಬಂದಳು. "ನಾಗೂ, ಒಳಿಕ್ಕೆ ಬಾ," ಎಂದರು ಅಜ್ಜಿ ಜಗಲಿಯಿಂದ. ಅವಳು ಹಾಗೆಯೇ ತಿರುಗಿದಳು. ಬೈಕಿನಲ್ಲಿ ಬಂದ ಹಿಂದಿನ ಬೀದಿಯ ಗಂಡಸೊಬ್ಬ, ದೀಪವನ್ನೂ ನಮ್ಮನ್ನೂ ನೋಡಿ, ಗಾಡಿ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ. "ಏನ್ ಮೇಡಂ, ಯಾರಾರ ಓಗ್ಬುಟ್ರಾ?" ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಹೆಂಗಸರು ಬೀದಿಯಲ್ಲಿ ನಿಂತರೆ ಸಾವೇ ಆಗಿರಬೇಕು ಎಂಬ ಲೆಕ್ಕ.

"ಯಾರೂ ಓಗಿಲ್ಲ ಕಣಪ್ಪ, ಎಲ್ಲಾ ಇದೀವಿ," ಎಂದರು ಮೇಡಂ. "ಅವರೆಕಾಳು ರೊಟ್ಟಿ ತಿಂತೀಯಾ?"

ಅವನು ಎರಡು ತಿಂದು ಹೋದ. ನನಗೆ ಮುಖಭಂಗವಾದಂತಿತ್ತು. ಮೂರು ಹೆಂಗಸರಿಗೆ ಅಷ್ಟು ದೀಪ. ಮೇಡಂ ಮಾತ್ರ ಒಲೆಯ ಮೇಲೆ ಚಕ್ಕೆ, ಲವಂಗ, ಶುಂಠಿ, ಬೆಲ್ಲ ಹಾಕಿ ಕಷಾಯ ಕುದಿಸಿ, ಮನೆಯೊಳಗೆ ಹೋಗಿ ಆ ಜರ್ಮನಿಯ ಲೋಟ ತಂದು, ಅದರ ತುಂಬ ಸುರಿದುಕೊಂಡು ರಸ್ತೆ ದಾಟಿದರು. ಅಜ್ಜಿ ಜಗಲಿಯ ಕತ್ತಲಲ್ಲಿ ಕಂಬಳಿ ಹೊದ್ದು ಕೂತಿದ್ದರು.

"ಏನೈತೆ ಇದ್ರಲ್ಲಿ?"

"ಕಷಾಯ ಕಣಜ್ಜಿ. ಚಳಿಗೆ. ಅಲ್ಲೇ ದೀಪದತ್ರ ಬಂದು ಕುಡೀಬಹುದಿತ್ತು."

ಅಜ್ಜಿ ಕುಡಿದರು. "ನಾ ಮದ್ವೆಯಾಗಿ ಬಂದಾಗ, ದೀಪ ಅಚ್ಚಿದ ಮೇಲೆ ನೀರು ತಂದ್ರೂ ನಮ್ಮತ್ತೆ ಬಾಗ್ಲು ತೆಗೀತಿರ್ನಿಲ್ಲ," ಎಂದರು. ಯಾರೂ ಕೇಳದೆ ಹೇಳಿದ ಮಾತು, ಈಚೆ ಕಡೆ ನನಗೂ ಕೇಳಿಸಿತು. "ಒಂದ್ಸಲ ದನದ ಕೊಟ್ಗೇಲಿ ಮನಗಿದ್ದೆ." ಅಷ್ಟು ಹೇಳಿ ಲೋಟವನ್ನು ಪಕ್ಕಕ್ಕಿಟ್ಟು ಕಂಬಳಿ ಎಳೆದುಕೊಂಡರು. ಮೇಡಂ ವಾಪಸು ಬಂದು ರೊಟ್ಟಿ ತಟ್ಟಿದರು. ಆ ಮುದುಕಿಯ ಮೇಲೆ ನನಗಿದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು.

ಮಾರನೆಯ ಬೆಳಿಗ್ಗೆ ನಾಗರತ್ನ ಲೋಟ ತಂದುಕೊಟ್ಟಳು. ಒಳಗೆ ಒಂದು ಹಿಡಿ ಹಿತುಕಿದ ಬೇಳೆ. ಮೇಡಂ ಅದನ್ನು ಊರಿಗೆಲ್ಲ ತೋರಿಸಿದರು. "ಲೋಟ ಬರಿದಾಗಿ ಬರ್ಲಿಲ್ಲ ನೋಡು. ಅಜ್ಜಿ ಒಂದಲ್ಲ ಒಂದಿನ ಬತ್ತಾರೆ." ನಾನು, "ಬಂದ ಹಾಗೇ," ಎಂದೆ. ಬೇರೆಯವರಾದರೆ ಬೇಳೆಯನ್ನು ಸಾರಿಗೆ ಹಾಕುತ್ತಿದ್ದರು, ಇವರು ಹಿಡಿ ಬೇಳೆಯಲ್ಲಿ ಭವಿಷ್ಯ ನೋಡುತ್ತಿದ್ದರು.

ಮುಂದಿನ ವರ್ಷ ಅವರೆ ಬರುವ ಹೊತ್ತಿಗೆ ನಮ್ಮ ಬೀದಿ ಸ್ವಲ್ಪ ಪಳಗಿತ್ತು. ಆ ಬೈಕಿನವನ ಹೆಂಡತಿ ತಾನೇ ಒಲೆ ಹೊತ್ತುಕೊಂಡು ಬಂದಳು. ಶಾಂತಮ್ಮನ ಹೊಲಿಗೆ ಕ್ಲಾಸಿನ ಹುಡುಗಿಯರು ಬಂದರು, ಅವರನ್ನು ಕರೆದುಕೊಂಡು ಹೋಗಲು ಬಂದ ತಾಯಂದಿರು ಅಲ್ಲೇ ಕೂತರು. ನಾಗರತ್ನ ಬಕೆಟ್ಟಿಲ್ಲದೆ ಬಂದಳು. ಗೋಡೆಗೆ ಒರಗಿ, ಎರಡು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಮೇಡಂ ಅವಳ ಕೈಗೆ ಏನೂ ಕೊಡಲಿಲ್ಲ. ನಾನು ಒಂದು ಮೊರ ಚಾಚಿದರೆ ನನ್ನ ಕೈ ಹಿಡಿದು ತಡೆದರು. "ಇರ್ಲಿ ಬುಡೇ. ಅವ್ಳು ನಿಂತ್ಕೊಳದು ಕಲೀಲಿ."

ಅಜ್ಜಿ ಆ ವರ್ಷವೂ ಜಗಲಿ ಇಳಿಯಲಿಲ್ಲ. ಮೇಡಂ ಮತ್ತೆ ಅದೇ ಲೋಟದಲ್ಲಿ ಕಷಾಯ ಒಯ್ದು ಕೊಟ್ಟರು. ಈ ಸಲ ಲೋಟ ವಾಪಸು ಬರಲಿಲ್ಲ. ವಾರವಾಯಿತು, ತಿಂಗಳಾಯಿತು. ನಾಗರತ್ನನನ್ನು ಕೇಳಿದರೆ, "ಅತ್ತೆ ಪೆಟ್ಟಿಗೇಲಿ ಇಟ್ಕೊಂಡವ್ರೆ, ಕೇಳುದ್ರೆ ಸುಮ್ಕಿರು ಅಂತಾರೆ," ಎಂದಳು. ನನಗೆ ರೇಗಿತು. "ಅದನ್ನ ಜರ್ಮನಿಗೆ ಕೊಡ್ಬೇಕು ಅಂತಿದ್ರಿ, ಅಜ್ಜಿಗೆ ದಾನ ಮಾಡಿದ್ರಾ? ಹೋಗಿ ಇಸ್ಕೊಂಡು ಬನ್ನಿ," ಎಂದೆ. ಮೇಡಂ ಸೂಜಿಗೆ ದಾರ ಪೋಣಿಸುತ್ತ, "ಇಸ್ಕೊಂಡು ಬಂದ್ರೆ ಅದು ಬರೀ ಲೋಟ ಕಣೆ. ಅವ್ರೇ ತರ್ಲಿ. ಪಾತ್ರೆ ಇಟ್ಕೊಂಡವ್ರು ಒಂದಿನ ತಂದುಕೊಡ್ಲೇಬೇಕಲ್ಲ," ಎಂದರು. ಬೇಸಿಗೆ ಕಳೆಯಿತು. ಆಷಾಢ ಬಂತು. ಅವರು ಹೋದರು.

ಈ ವರ್ಷ ಅವರೆಕಾಯಿ ಸಂತೆಗೆ ಬಂದಾಗ ನಾನು ಕೊಳ್ಳಲೇ ಇಲ್ಲ. ಮನಸ್ಸಾಗಲಿಲ್ಲ. ಯಾರೂ ನನ್ನನ್ನು ಏನೂ ಕೇಳಲೂ ಇಲ್ಲ. ಡಿಸೆಂಬರಿನ ಒಂದು ಮಧ್ಯಾಹ್ನ ಹೊರಗೆ ಏನೋ ಸದ್ದಾಯಿತೆಂದು ನೋಡಿದರೆ ಮೇಡಂ ಯಜಮಾನರು ಏಣಿ ಹತ್ತಿ ಕಂಬಕ್ಕೆ ಸೀರಿಯಲ್ ಸೆಟ್ಟು ಕಟ್ಟುತ್ತಿದ್ದಾರೆ. ಎಪ್ಪತ್ತು ದಾಟಿದ ಮನುಷ್ಯ. ಓಡಿಹೋಗಿ ಏಣಿ ಹಿಡಿದು, "ಇದೆಲ್ಲ ಈಗ ಯಾಕೆ ಸಾರ್?" ಎಂದೆ.

"ಅವರೆಕಾಯಿ ಬಂತಲ್ಲಮ್ಮ," ಎಂದರು. ಅಷ್ಟೇ ಹೇಳಿದ್ದು. ನಾನು ಏಣಿ ಹಿಡಿದುಕೊಂಡೇ ಅತ್ತೆ. ಅವರು ಮೇಲಿದ್ದುದರಿಂದ ನೋಡಲಿಲ್ಲ, ಅಥವಾ ನೋಡಿ ಬಲ್ಬು ತಿರುಗಿಸುತ್ತ ಉಳಿದರು.

ಸಂಜೆ ಎಷ್ಟು ಜನ ಬಂದರೆಂದರೆ ಮೊರ ಇಡಲು ಜಾಗವಿರಲಿಲ್ಲ. ಶಾಂತಮ್ಮ ಫೋನ್ ಮಾಡಿ ಕರೆದಿದ್ದಳಂತೆ, ಅರಕಲಗೂಡಿನಿಂದ ಮೇಡಂ ಅಣ್ಣನ ಸೊಸೆ ಬಂದಿದ್ದಳು. ಚನ್ನರಾಯಪಟ್ಟಣದಿಂದ ಬಂದ ಹಳೆಯ ಶಿಷ್ಯೆಯೊಬ್ಬಳು, ತಮ್ಮ ಬೀದಿಯಲ್ಲೂ ಹೋದ ವಾರ ಹೀಗೇ ಮಾಡಿದೆವು, ಐದೇ ಜನ ಬಂದಿದ್ದರು ಎಂದು ಸ್ವಲ್ಪ ಸಪ್ಪೆ ಮುಖ ಮಾಡಿ ಹೇಳಿದಳು. "ಐದು ಜನಾನಾ? ನಮಗೆ ಮೊದಲ ವರ್ಷ ಮೂರು," ಎಂದೆ. ಹೇಳುವಾಗ 'ನಮಗೆ' ಎಂದಿದ್ದನ್ನು ನಾನೇ ಕೇಳಿಸಿಕೊಂಡೆ. ನಾಗರತ್ನ ರೊಟ್ಟಿ ಕಲ್ಲಿನ ಮುಂದೆ ಕೂತು ಗಟ್ಟಿಯಾಗಿ ನಗುತ್ತಿದ್ದಳು. ಕಷಾಯ ಕುದಿಯುತ್ತಿತ್ತು. ಮೇಡಂ ಇಲ್ಲ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರು ನಿಲ್ಲುತ್ತಿದ್ದ ಕಂಬದ ಹತ್ತಿರದ ಜಾಗವನ್ನು ಮಾತ್ರ ಎಲ್ಲರೂ ಬಿಟ್ಟು ಕೂತಿದ್ದರು.

ಆಗ ಎದುರು ಮನೆಯ ಜಗಲಿಯಿಂದ ಕೋಲು ಊರುವ ಸದ್ದು ಬಂತು. ಪುಟ್ಟಮ್ಮಜ್ಜಿ ಮೆಟ್ಟಿಲು ಇಳಿಯುತ್ತಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸೆರಗು ಮುಚ್ಚಿದ ಲೋಟ. ನಾಗರತ್ನ ಎದ್ದು ಓಡಲು ಹೋದಳು, "ಕುಂತ್ಕೋ, ರೊಟ್ಟಿ ಸೀದೋಯ್ತದೆ," ಎಂದರು ಅಜ್ಜಿ. ತಾವೇ ರಸ್ತೆ ದಾಟಿದರು. ದೀಪದ ಕೆಳಗೆ ಬಂದು ಸೆರಗು ಸರಿಸಿದರು. ಅದೇ ಪಿಂಗಾಣಿ ಲೋಟ, ಒಳಗೆ ಒಂದು ಅಚ್ಚು ಬೆಲ್ಲ.

"ಯಾರ ಕೈಗೆ ಕೊಡ್ಲವ್ವ ಇದ್ನ?" ಎಂದರು. "ಇಸ್ಕೊಬೇಕಾದೋಳು ಓಗ್ಬುಟ್ಳು. ಅವಳಿದ್ದಾಗ್ಲೇ ಬರ್ಬೇಕಾಗಿತ್ತು. ನಾಳೆ ನಾಳೆ ಅಂದ್ಕಂಡೇ ಕುಂತೆ."

ಮೇಡಂ ಯಜಮಾನರು ಮುಂದೆ ಬಂದು ಎರಡು ಕೈ ಒಡ್ಡಿ ತೆಗೆದುಕೊಂಡರು. ಬೆಲ್ಲವನ್ನು ನೋಡಿದರು. ಚೂರು ಮುರಿದು ಬಾಯಿಗೆ ಹಾಕಿಕೊಂಡು, ಲೋಟವನ್ನು ನನಗೆ ಕೊಟ್ಟು, "ಚೈತ್ರ ಬಂದಾಗ ಕಳಿಸಿ. ಬರಿದಾಗಿ ಬೇಡ," ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅಪರೂಪ.

ಚಳಿ ಹೆಚ್ಚಾಗಿತ್ತು. "ಲೋಟ ಕೊಟ್ಟಾಯ್ತಲ್ಲ ಅಜ್ಜಿ, ಬನ್ನಿ, ಮನೆಗೆ ಬಿಟ್ಟು ಬರ್ತೀನಿ," ಎಂದು ನಾನು ತೋಳು ಹಿಡಿದೆ. ಅಜ್ಜಿ ತೋಳು ಬಿಡಿಸಿಕೊಂಡರು. ಎಲ್ಲರೂ ಬಿಟ್ಟಿದ್ದ ಆ ಕಂಬದ ಹತ್ತಿರ ಹೋಗಿ, ಕೋಲಿಗೆ ಎರಡೂ ಕೈ ಕೊಟ್ಟು, ದೀಪದ ಕೆಳಗೆ ನಿಂತರು. ಹುಡುಗಿಯೊಬ್ಬಳು ಕುರ್ಚಿ ತಂದಳು. ಬೇಡ ಎಂದರು.

ಅಷ್ಟರಲ್ಲಿ ಆ ಹಿಂದಿನ ಬೀದಿಯ ಬೈಕಿನವನು ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದ. ಅಜ್ಜಿಯನ್ನು ಕಂಡು ಅವನ ಗಾಡಿಯೇ ಆಫ್ ಆಯಿತು.

"ಏನಜ್ಜಿ, ಇಷ್ಟೊತ್ನಲ್ಲಿ ಎಲ್ಗೆ?" ಎಂದ.

ಅಜ್ಜಿ ಅವನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು.

"ಎಲ್ಗೂ ಇಲ್ಲ ಕಣ್ಲಾ. ಸುಮ್ಕೆ ನಿಂತಿದೀನಿ," ಎಂದರು.